ಸಿಂಹವಿಲ್ಲದ ನಾಡುಗಳಲ್ಲಿ ‘ಲೆಯೊ’

ರೊಮೇನಿಯದ ಜನ ಅಂಗಡಿಯಲ್ಲಿ ಎಣಿಸಿ ಕೊಡುವುದು ಸಿಂಹಗಳನ್ನು. ಅಲ್ಲಿನ ಹಣದ ಹೆಸರು ‘ಲೆವು’, ಹಾಗೆಂದರೆ ಸಿಂಹ. ಪಕ್ಕದ ಬಲ್ಗೇರಿಯದಲ್ಲಿ ಯೂರೋ ಬರುವವರೆಗೂ ಓಡಾಡಿದ ‘ಲೆವ್’ ಕೂಡ ಅದೇ. ಈ ಹೆಸರಿನ ಹಿಂದಿರುವುದು ಡಚ್ಚರ ಬೆಳ್ಳಿ ನಾಣ್ಯ. 1575ರಿಂದ ಟಂಕಿಸಿದ ಆ ನಾಣ್ಯದಲ್ಲಿ ಹಿಂಗಾಲ ಮೇಲೆ ನಿಂತ ಸಿಂಹವಿತ್ತು. ವ್ಯಾಪಾರದ ಜೊತೆ ಅದು ತುರ್ಕರ ಸಾಮ್ರಾಜ್ಯದುದ್ದಕ್ಕೂ ಹರಡಿತು. ಚಿತ್ರವನ್ನು ನಾಯಿಯೆಂದು ಕಂಡ ಅರಬ್ಬರು ಅದಕ್ಕೆ ‘ಅಬು ಕಲ್ಬ್’, ಅಂದರೆ ನಾಯಿ ಗುರುತಿನದು ಎಂದರು. ನಾಣ್ಯ ಮರೆಯಾದರೂ ಲೆಕ್ಕದಲ್ಲಿ ಹೆಸರು ಉಳಿಯಿತು. 1867ರಲ್ಲಿ ರೊಮೇನಿಯ ಅದನ್ನೇ ತನ್ನ ಹಣಕ್ಕಿಟ್ಟಿತು.

ಯುರೋಪಿನ ಬಹುತೇಕ ಭಾಷೆಗಳ ಸಿಂಹ ಒಂದೇ ಮನೆತನದ್ದು. ಲ್ಯಾಟಿನ್ನಿನಲ್ಲಿ ಪ್ರಥಮಾ ವಿಭಕ್ತಿಯ ರೂಪ ‘ಲೆಯೊ’, ದ್ವಿತೀಯೆಯದು ‘ಲೆಯೋನೆಮ್’. ಇಟಲಿಯ ‘ಲೆಯೋನೆ’, ಸ್ಪೇನಿನ ‘ಲೆಯೋನ್’, ಫ್ರೆಂಚರ ‘ಲಿಯೋಂ’ ಹುಟ್ಟಿದ್ದು ಎರಡನೆಯದರಿಂದ. ಜರ್ಮನರ ‘ಲೋವೆ’, ಡಚ್ಚರ ‘ಲೇವ್’, ರಷ್ಯನ್ನರ ‘ಲೆವ್’ ಕೂಡ ಇದೇ ಬಳಗ. ಇಂಗ್ಲಿಷರಲ್ಲಿ ಮೊದಲೇ ‘ಲೇಯೊ’ ಇತ್ತು. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಫ್ರೆಂಚಿನಿಂದ ಬಂದ ‘ಲಯನ್’ ಅದರ ಜಾಗ ಹಿಡಿಯಿತು. ಹಂಗೇರಿಯದು ಬೇರೆ: ಅವರ ‘ಒರೊಸ್ಲಾನ್’ ತುರ್ಕಿ ಮೂಲದ ‘ಅರ್ಸ್ಲಾನ್’.

ಲ್ಯಾಟಿನ್ನಿಗೂ ಅದು ಸ್ವಂತದ್ದಲ್ಲ. ಗ್ರೀಕರ ‘ಲೆಯೋನ್’ ಕೊಟ್ಟ ಸಾಲ. ನಮ್ಮ ಅಶ್ವ, ಗೋ, ಶ್ವಾನಗಳಿಗೆ ಗ್ರೀಕಿನಲ್ಲಿ ‘ಹಿಪ್ಪೊಸ್’, ‘ಬೌಸ್’, ‘ಕುಓನ್’ ಎಂಬ ದಾಯಾದಿಗಳಿವೆ. ಸಿಂಹಕ್ಕೆ ಹಾಗೆ ಯಾರೂ ಇಲ್ಲ. ಗ್ರೀಕರಿಗೆ ಆ ಪದ ಎಲ್ಲಿಂದ ಬಂತೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಹೀಬ್ರೂವಿನ ‘ಲಾವಿ’, ಅಕ್ಕಾಡಿಯನ್ನಿನ ‘ಲಬ್ಬು’ ನೋಡಿ ಕೆಲವರು ಪಶ್ಚಿಮ ಏಷ್ಯಾದತ್ತ ಬೊಟ್ಟು ಮಾಡುತ್ತಾರೆ. ಗ್ರೀಕರು ಅದನ್ನು ಬಳಸುತ್ತಿದ್ದದ್ದಂತೂ ಬಹಳ ಹಿಂದಿನಿಂದ: ಪೈಲೊಸ್ ಅರಮನೆಯ ಮೂರು ಸಾವಿರ ವರ್ಷಕ್ಕೂ ಹಳೆಯ ಜೇಡಿಮಣ್ಣಿನ ಹಲಗೆಗಳಲ್ಲಿ, ಪೀಠೋಪಕರಣಗಳ ಪಟ್ಟಿಯ ನಡುವೆ, ಸಿಂಹದ ಅಲಂಕಾರದ ಉಲ್ಲೇಖವಿದೆ. ಅವರಿಗೆ ಸಿಂಹ ಬರೀ ಕೇಳಿದ ಕತೆಯೂ ಅಲ್ಲ. ಕ್ರಿ.ಪೂ. 480ರಲ್ಲಿ ಪರ್ಷಿಯದ ಕ್ಸರ್ಕ್ಸಸ್‌ನ ಸೇನೆ ಉತ್ತರ ಗ್ರೀಸಿನಲ್ಲಿ ಸಾಗುವಾಗ ಸಿಂಹಗಳು ರಾತ್ರಿ ಇಳಿದು ಬಂದು ಒಂಟೆಗಳನ್ನಷ್ಟೇ ಹಿಡಿದವಂತೆ. ಎಂದೂ ಕಾಣದ ಒಂಟೆಯ ಮೇಲೆ ಅದೇನು ಕಣ್ಣೆಂದು ಇದನ್ನು ಬರೆದಿಟ್ಟ ಗ್ರೀಕ್ ಇತಿಹಾಸಕಾರ ಹೆರೊಡೊಟಸ್‌ಗೇ ಅಚ್ಚರಿ.

ಮುಂದೆ ಯುರೋಪಿನ ಕಾಡುಗಳಲ್ಲಿ ಸಿಂಹ ಅಳಿಯಿತು. ಹೆಸರು ಮಾತ್ರ ಸಿಕ್ಕಸಿಕ್ಕಲ್ಲಿ ಅಂಟಿಕೊಂಡಿತು. ಗ್ರೀಕರು ಗೋಸುಂಬೆಯನ್ನು ‘ನೆಲಸಿಂಹ’ ಎಂದದ್ದೇ ‘ಕಮೀಲಿಯನ್’. ಎಲೆಯಂಚು ಗರಗಸದಂತಿರುವ ಹಳದಿ ಹೂವಿನ ಕಳೆಗಿಡಕ್ಕೆ ಫ್ರೆಂಚರಿಟ್ಟ ‘ಸಿಂಹದ ಹಲ್ಲು’ ಇಂಗ್ಲಿಷಿಗೆ ಹೋಗಿ ‘ಡ್ಯಾಂಡೆಲಿಯನ್’ ಆಯಿತು. ಸಿಂಹಕ್ಕೂ ‘ಪಾರ್ಡ್’ ಎಂಬ ಚುಕ್ಕೆಯ ಮೃಗಕ್ಕೂ ಹುಟ್ಟಿದ್ದೆಂದು ನಂಬಿ ಚಿರತೆಯನ್ನು ‘ಲೆಪರ್ಡ್’ ಎಂದರು.

ಸ್ಪೇನಿನ ಲೆಯೋನ್ ನಗರದ್ದು ಎಲ್ಲಕ್ಕಿಂತ ಸೋಜಿಗ. ಆ ಹೆಸರಿಗೂ ಸಿಂಹಕ್ಕೂ ಸಂಬಂಧವೇ ಇಲ್ಲ. ಅಲ್ಲಿ ಬೀಡುಬಿಟ್ಟಿದ್ದು ರೋಮನ್ನರ ಏಳನೆಯ ‘ಲೆಗಿಯೊ’, ಅಂದರೆ ಸೇನಾದಳ. ‘ಲೆಗಿಯೋನೆಮ್’ ಎಂಬುದರ ನಡುವಿನ ‘ಗ’ಕಾರ ಜನರ ಬಾಯಲ್ಲಿ ಸವೆದು ‘ಲೆಯೋನ್’ ಆಯಿತು. ‘ಲೆಯೋನೆಮ್’ ಕೂಡ ಸವೆದು ಅಲ್ಲಿಗೇ ಬಂದು ನಿಂತಿತು. ಎರಡೂ ಒಂದೇ ಎಂದು ಕೇಳಿಸಿದ ಮೇಲೆ 12ನೇ ಶತಮಾನದ ರಾಜರು ಸಿಂಹವನ್ನೇ ತಮ್ಮ ಗುರುತು ಮಾಡಿಕೊಂಡರು. ಇಂದಿಗೂ ಸ್ಪೇನಿನ ರಾಷ್ಟ್ರಲಾಂಛನದ ಒಂದು ಮೂಲೆಯಲ್ಲಿ ನೇರಳೆ ಬಣ್ಣದ ಸಿಂಹವಿದೆ. ಪಾಳೆಯ ಹೂಡಿದ ಸೈನಿಕರಿಗೆ ಸಲ್ಲಬೇಕಿದ್ದ ಜಾಗ ಅದು.