ಗರ್ಭಿಣಿಯರು ಹಾಗೂ ಬಾಣಂತಿಯರಿಗೆ ಸರಿಯಾದ ಅಳತೆಯ ಒಳಉಡುಪು

ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳಲ್ಲಿ, ಉತ್ತರ ಕರ್ನಾಟಕದ ಇತರ ಭಾಗಗಳಂತೆಯೇ, ಗರ್ಭಿಣಿಗೆ ಹೊಸ ಸೀರೆ ಮತ್ತು ಕುಬಸ ಉಡಿಸಿ ಉಡಿ ತುಂಬುವ 'ಕುಬಸದ ಕಾರ್ಯ' ರೂಢಿಯಲ್ಲಿದೆ. ಇದನ್ನು ಬಹುತೇಕ ಏಳನೆಯ ತಿಂಗಳಲ್ಲಿ ನಡೆಸಲಾಗುತ್ತದೆ. ಈ ವೇಳೆಗೆ ಗರ್ಭಿಣಿಯ ಹಳೆಯ ಕುಬಸವೂ ಒಳಗೆ ತೊಡುವ ಬ್ರಾ (ಬಾಡಿ) ಕೂಡ ಬಿಗಿಯಾಗಿರುತ್ತವೆ. ಹೊಸ ಕುಬಸದ ಜೊತೆಗೆ ಸರಿಯಾದ ಅಳತೆಯ ಬ್ರಾ ಒದಗಿಸುವುದೂ ತಾಯಿಯ ಆರೈಕೆಯ ಭಾಗವಾಗಿದೆ.

ದೇಹದಲ್ಲಿ ಆಗುವ ಬದಲಾವಣೆಗಳು

ಗರ್ಭ ನಿಂತ ಮೊದಲ ವಾರಗಳಿಂದಲೇ ಸ್ತನಗಳು ಬೆಳೆಯತೊಡಗುತ್ತವೆ. ಕೊನೆಯ ತಿಂಗಳುಗಳಲ್ಲಿ ಪಕ್ಕೆಲುಬಿನ ಸುತ್ತಳತೆಯೂ ಹಿಗ್ಗುತ್ತದೆ. ಹೆರಿಗೆಯಾದ 2ರಿಂದ 4 ದಿನಗಳಲ್ಲಿ ಹಾಲು ತುಂಬಿ ಸ್ತನಗಳು ಇನ್ನಷ್ಟು ದಪ್ಪವಾಗುತ್ತವೆ. ಕೆಲವು ವಾರಗಳ ನಂತರ ಒಂದು ಹದಕ್ಕೆ ಬರುತ್ತವೆ. ಆದ್ದರಿಂದ ಒಂದೇ ಅಳತೆಯ ಬ್ರಾ ಈ ಅವಧಿಯುದ್ದಕ್ಕೂ ಹೊಂದುವುದಿಲ್ಲ.

ಬಿಗಿಯಾದ ಬ್ರಾದಿಂದ ಆಗುವ ತೊಂದರೆ

ಒಂದೇ ಜಾಗದಲ್ಲಿ ಸತತವಾಗಿ ಒತ್ತುವ ಬ್ರಾ ಹಾಲಿನ ಹರಿವಿಗೆ ಅಡ್ಡಿಯಾಗಬಹುದು. ಹಾಲು ಕಟ್ಟಿ ಗಡ್ಡೆಯಂತಾಗಿ, ನೋವು ಮತ್ತು ಬಾವು ಬರುವ ಸಂಭವವಿದೆ. ನೋವು ತಾಳಲಾರದೆ ತಾಯಿ ಹಾಲುಣಿಸುವುದನ್ನೇ ನಿಲ್ಲಿಸಿದರೆ ನಷ್ಟ ಮಗುವಿಗೆ. ಮೊದಲ 6 ತಿಂಗಳು ಮಗುವಿಗೆ ಎದೆಹಾಲು ಮಾತ್ರ ಸಾಕು. ನಂತರ ಪೂರಕ ಆಹಾರದೊಂದಿಗೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಾಲುಣಿಸಬೇಕು.

ಅಳತೆ ತೆಗೆಯುವ ಕ್ರಮ

1. ದರ್ಜಿಯ ಟೇಪನ್ನು ಸ್ತನಗಳ ಕೆಳಗೆ ನೆಲಕ್ಕೆ ಸಮನಾಗಿ ಸುತ್ತಿ ಅಳತೆ ಬರೆದುಕೊಳ್ಳಬೇಕು.
2. ಸ್ತನಗಳ ಅತ್ಯಂತ ದಪ್ಪ ಭಾಗದ ಮೇಲೆ, ಬಿಗಿಯದೆ, ಎರಡನೆಯ ಅಳತೆ ತೆಗೆಯಬೇಕು.
3. ತಯಾರಕರ ಲೆಕ್ಕ ಒಂದೇ ತೆರನಾಗಿಲ್ಲದ ಕಾರಣ, ಎರಡೂ ಅಳತೆಗಳನ್ನು ಪೊಟ್ಟಣದ ಮೇಲಿನ ಪಟ್ಟಿಯೊಂದಿಗೆ ಹೋಲಿಸಿ ನೋಡಬೇಕು.

ಅಂಗಡಿಯಲ್ಲಿ ಕೇಳಲು ಸಂಕೋಚವಿದ್ದಲ್ಲಿ ಅಥವಾ ಮನೆಯವರನ್ನು ಕಳುಹಿಸುವುದಾದಲ್ಲಿ ಎರಡೂ ಅಳತೆಗಳನ್ನು ಚೀಟಿಯಲ್ಲಿ ಬರೆದುಕೊಡಬಹುದು. ಹೊಂದದಿದ್ದರೆ ಬದಲಿಸಿಕೊಡುವರೇ ಎಂದು ಮೊದಲೇ ಕೇಳುವುದು ಒಳಿತು.

ಆಯ್ಕೆ ಮಾಡುವಾಗ

• ಹತ್ತಿ ಬಟ್ಟೆಯದಾಗಿರಲಿ. ಬೇಸಿಗೆಯ ಬೆವರನ್ನು ಹತ್ತಿ ಹೀರಿಕೊಳ್ಳುತ್ತದೆ.
• ತಂತಿ ಇರುವ ಬ್ರಾ ಒತ್ತುವ ಸಂಭವವಿರುವುದರಿಂದ ತಂತಿ ಇಲ್ಲದ್ದನ್ನು ಆರಿಸುವುದು ಲೇಸು.
• ಹೆಗಲ ಪಟ್ಟಿ ಅಗಲವಾಗಿರಬೇಕು. ಚರ್ಮದಲ್ಲಿ ಬರೆ ಮೂಡಿಸಬಾರದು.
• ಕೆಳಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ಸೇರಬೇಕು. ಬಟ್ಟಲಿನ ಮೇಲಂಚಿನಿಂದಾಗಲಿ ಕಂಕುಳ ಬಳಿಯಾಗಲಿ ಸ್ತನ ಹೊರಚೆಲ್ಲಬಾರದು.
• ಹಾಲುಣಿಸಲು ಬೇಕಾದ ಬ್ರಾವನ್ನು ಒಂಬತ್ತನೆಯ ತಿಂಗಳಲ್ಲಿ ಕೊಳ್ಳಬಹುದು. ಅದು ಅತ್ಯಂತ ಸಡಿಲವಾದ ಕೊಂಡಿಗೆ ಹೊಂದುವಂತಿರಲಿ; ಹೆರಿಗೆಯ ನಂತರ ಪಕ್ಕೆಲುಬಿನ ಸುತ್ತಳತೆ ಇಳಿದಾಗ ಒಳಗಿನ ಕೊಂಡಿ ಬಳಸಬಹುದು. ಬಟ್ಟಲಿನಲ್ಲಿ ಹಾಲು ತುಂಬಿದಾಗ ಬೇಕಾಗುವಷ್ಟು ಜಾಗವಿರಲಿ.
• ಒಂದು ಕೈಯಲ್ಲಿ ಮಗುವನ್ನು ಹಿಡಿದು ಇನ್ನೊಂದು ಕೈಯಿಂದ ತೆರೆಯುವಂತಿರಬೇಕು.

ಹಾಲುಣಿಸುವ ಬ್ರಾ ಸ್ಥಳೀಯವಾಗಿ ದೊರೆಯದಿದ್ದಲ್ಲಿ ಮುಂಭಾಗದಲ್ಲಿ ಕೊಂಡಿಯುಳ್ಳ ಹತ್ತಿ ಬ್ರಾ ಸಾಕಾಗುತ್ತದೆ. ಪರಿಚಿತ ಹೊಲಿಗೆಯವರಿಂದಲೂ ಹೊಲಿಸಿಕೊಳ್ಳಬಹುದು. ಎದೆಯ ಕೆಳಗೆ ಗಂಟು ಹಾಕುವ ಸಾಂಪ್ರದಾಯಿಕ ಖಣದ ಕುಬಸ ಮುಂದೆ ತೆರೆಯುವುದರಿಂದ ಹಾಲುಣಿಸಲು ಅನುಕೂಲ. ಆದರೆ ಕಂಕುಳಲ್ಲಿ ಬಿಗಿಯಾಗದಂತೆ ಹೊಲಿಸಬೇಕು. ಕುಬಸವನ್ನು ಮೇಲಕ್ಕೆ ಸರಿಸಿ ಹಾಲುಣಿಸಿದರೆ ಅದರ ಅಂಚು ಸ್ತನವನ್ನು ಒತ್ತುತ್ತದೆ.

ಸ್ವಚ್ಛತೆ

ಕನಿಷ್ಠ ಮೂರು ಬ್ರಾಗಳಿದ್ದರೆ ದಿನವೂ ಒಗೆದು ಬದಲಿಸಲು ಸಾಧ್ಯ. ಸೋರುವ ಹಾಲಿಗೆ ಒಗೆದ ಮೆತ್ತನೆಯ ಹತ್ತಿ ಬಟ್ಟೆಯನ್ನು ಮಡಚಿ ಇಟ್ಟುಕೊಂಡು, ಒದ್ದೆಯಾದೊಡನೆ ಬದಲಾಯಿಸಬೇಕು. ಒಳಉಡುಪನ್ನು ಮರೆಯಲ್ಲಿ, ಬೇರೆ ಬಟ್ಟೆಯ ಅಡಿ ಒಣಗಿಸದೆ ಬಿಸಿಲಿನಲ್ಲಿ ಒಣಗಿಸಬೇಕು. ಬ್ರಾ ತೊಡುವುದು ಕಡ್ಡಾಯವಲ್ಲ. ತೊಡದೆ ಹಿತವೆನಿಸುವ ತಾಯಂದಿರು ತೊಡದಿದ್ದರೂ ಹಾಲಿಗೆ ಕೊರತೆಯಿಲ್ಲ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಸ್ತನದಲ್ಲಿ ಕೆಂಪು, ಬಿಸಿ, ತೀವ್ರ ನೋವು, ಚಳಿಜ್ವರ, ಕೀವು, ಅಥವಾ ಹಾಲುಣಿಸಿದ ಮೇಲೂ ಕರಗದ ಗಂಟು ಕಂಡುಬಂದಲ್ಲಿ ತಡಮಾಡದೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ವೈದ್ಯರು ಬೇರೆ ಸಲಹೆ ನೀಡದ ಹೊರತು, ಬಾವು ಬಂದ ಸ್ತನದಿಂದಲೂ ಹಾಲುಣಿಸುವುದನ್ನು ನಿಲ್ಲಿಸಬಾರದು.