ವಿಲ್ಲಾ ಜೂಲಿಯಾದಲ್ಲಿ ಒಂದು ಅಪರಾಹ್ನ: ಎಟ್ರಸ್ಕನ್ನರ ಚರಿತ್ರೆಯ ಸಾಕ್ಷ್ಯಗಳನ್ನು ಕುರಿತು

ರೋಮ್ ನಗರದ ಉತ್ತರ ಭಾಗದಲ್ಲಿ ವಿಲ್ಲಾ ಜೂಲಿಯಾ ಎಂಬ ಸೌಧವಿದೆ. ಮೂರನೆಯ ಜೂಲಿಯಸ್ ಪೋಪನಿಗಾಗಿ 1551ರಲ್ಲಿ ನಿರ್ಮಾಣವಾಗತೊಡಗಿದ ಈ ವಿಹಾರಭವನದಲ್ಲಿ 1889ರಲ್ಲಿ ವಸ್ತುಸಂಗ್ರಹಾಲಯವೊಂದು ಸ್ಥಾಪಿತವಾಯಿತು. ಇಂದು ಅದು ಎಟ್ರಸ್ಕನ್ ಪ್ರಾಚ್ಯವಸ್ತುಗಳ ರಾಷ್ಟ್ರೀಯ ಸಂಗ್ರಹಾಲಯವಾಗಿದೆ. ಅಲ್ಲಿನ ವಸ್ತುಗಳನ್ನು ಬಹುಕಾಲ ಅಭ್ಯಸಿಸಿದ ಮಾರ್ಗದರ್ಶಕರೊಬ್ಬರೊಡನೆ, ಜನಸಂದಣಿಯಿಲ್ಲದ ಒಂದು ಅಪರಾಹ್ನ, ಅದನ್ನು ನೋಡುವ ಅವಕಾಶ ನಮಗೆ ನಾಲ್ವರಿಗೆ ಒದಗಿತು. ಆ ಭೇಟಿಯಲ್ಲಿ ಎದ್ದ ಪ್ರಶ್ನೆಯೊಂದನ್ನು ಇಲ್ಲಿ ವಿವೇಚಿಸಿದೆ. ತನ್ನ ಚರಿತ್ರೆಯನ್ನು ತಾನೇ ಹೇಳುವ ಗ್ರಂಥವನ್ನು ಉಳಿಸಿಹೋಗದ ಜನಾಂಗವೊಂದನ್ನು ನಾವು ಯಾರ ಮಾತಿನಿಂದ ಅರಿಯಬೇಕು?

ಆರ್ನೊ ಮತ್ತು ಟೈಬರ್ ನದಿಗಳ ನಡುವಣ ನಾಡಿನಲ್ಲಿ ಎಟ್ರಸ್ಕನ್ನರ ನಗರಗಳು ರೋಮಿಗಿಂತ ಮೊದಲೇ ಏಳಿಗೆ ಹೊಂದಿದ್ದುವು. ಸಂಪ್ರದಾಯದ ಪ್ರಕಾರ ಕ್ರಿ. ಪೂ. 396ರಲ್ಲಿ ವೇಯಿ ನಗರವು ರೋಮನರ ವಶವಾಯಿತು. ಉಳಿದ ನಗರಗಳೂ ಕ್ರಮೇಣ ಅದೇ ಗತಿಯನ್ನು ಕಂಡುವು. ಕ್ಲಾಡಿಯಸ್ ಚಕ್ರವರ್ತಿಯು ಎಟ್ರಸ್ಕನ್ನರ ಇತಿಹಾಸವನ್ನು ಗ್ರೀಕ್ ಭಾಷೆಯಲ್ಲಿ 20 ಸಂಪುಟಗಳಾಗಿ ಬರೆದನೆಂದು ತಿಳಿದುಬರುತ್ತದೆ. ಆದರೆ ಅವು ನಷ್ಟವಾಗಿವೆ. ಹೀಗಾಗಿ ಅವರನ್ನು ಕುರಿತ ಬರಹಗಳಲ್ಲಿ ಉಳಿದುಬಂದವು ಬಹುಮಟ್ಟಿಗೆ ಅವರ ಪ್ರತಿಸ್ಪರ್ಧಿಗಳಾದ ಗ್ರೀಕರ ಮತ್ತು ಅವರನ್ನು ಗೆದ್ದ ರೋಮನರ ಬರಹಗಳೇ.

ಈ ಬರಹಗಳನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದಕ್ಕೆ ಸಂಗ್ರಹಾಲಯದ ಅತ್ಯಂತ ಪ್ರಸಿದ್ಧ ವಸ್ತುವೇ ನಿದರ್ಶನ. ಚೆರ್ವೆತೆರಿಯ ಸಮಾಧಿಭೂಮಿಯಲ್ಲಿ 1881ರಲ್ಲಿ ದೊರೆತ, 400ಕ್ಕೂ ಹೆಚ್ಚು ಚೂರುಗಳನ್ನು ಕೂಡಿಸಿ ರೂಪಿಸಿದ, ಸುಟ್ಟ ಮಣ್ಣಿನ ದಂಪತಿ ಶವಪೆಟ್ಟಿಗೆಯದು. ಕ್ರಿ. ಪೂ. ಆರನೆಯ ಶತಮಾನದ ಉತ್ತರಾರ್ಧಕ್ಕೆ ಸೇರಿದ ಈ ಕೃತಿಯಲ್ಲಿ ಪತಿಪತ್ನಿಯರು ಒಂದೇ ಮಂಚದ ಮೇಲೆ ಒರಗಿ ಔತಣದಲ್ಲಿ ಪಾಲ್ಗೊಂಡಿದ್ದಾರೆ. ಪತಿಯ ತೋಳು ಪತ್ನಿಯ ಹೆಗಲನ್ನು ಬಳಸಿದೆ. ಇಬ್ಬರ ಮುಖದಲ್ಲಿಯೂ ಮುಗುಳುನಗೆಯಿದೆ. ಗ್ರೀಸಿನಲ್ಲಿ ಕುಲಸ್ತ್ರೀಯರು ಪುರುಷರ ಪಾನಗೋಷ್ಠಿಗಳಲ್ಲಿ ಭಾಗವಹಿಸುತ್ತಿರಲಿಲ್ಲ. ಆದುದರಿಂದಲೇ ಕ್ರಿ. ಪೂ. ನಾಲ್ಕನೆಯ ಶತಮಾನದ ಥಿಯೊಪಾಂಪಸನು ಎಟ್ರಸ್ಕನ್ ಸ್ತ್ರೀಯರು ಪರಪುರುಷರೊಡನೆ ಕುಡಿಯುವರೆಂದೂ, ತಮ್ಮ ಮಕ್ಕಳ ತಂದೆ ಯಾರೆಂಬುದನ್ನೇ ಅರಿಯರೆಂದೂ ಬರೆದನು. ಆದರೆ ಸಮಾಧಿಶಾಸನಗಳು ತಂದೆಯ ಹೆಸರನ್ನೂ, ಅನೇಕ ವೇಳೆ ಅದರೊಡನೆ ತಾಯಿಯ ಹೆಸರನ್ನೂ ನಮೂದಿಸುತ್ತವೆ. ಗ್ರೀಕ್ ಲೇಖಕನು ಔತಣವನ್ನು ಕುರಿತು ಹೇಳಿದ್ದು ಪೂರ್ಣ ಸುಳ್ಳಲ್ಲ; ಅದರಿಂದ ಅವನು ಹೊರಡಿಸಿದ ತೀರ್ಪು ಮಾತ್ರ ಅವನ ಸಮಾಜದ್ದು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಎಟ್ರಸ್ಕನ್ ಲಿಪಿಯನ್ನು ಇನ್ನೂ ಯಾರೂ ಓದಿಲ್ಲವೆಂದು ನಾನು ಅನೇಕ ವರ್ಷ ತರಗತಿಯಲ್ಲಿ ಹೇಳಿದ್ದೆನು. ಇದನ್ನು ಕೇಳಿದ ಮಾರ್ಗದರ್ಶಕರು ಏನೂ ಹೇಳದೆ, ಶಾಸನವೊಂದರ ಅಕ್ಷರಗಳನ್ನು ಬಲದಿಂದ ಎಡಕ್ಕೆ ಒಂದೊಂದಾಗಿ ಉಚ್ಚರಿಸಿ ತೋರಿಸಿದರು. ಲಿಪಿಯು ಗ್ರೀಕ್ ಲಿಪಿಯಿಂದ ಬಂದುದು. ಅದನ್ನು ಓದುವುದು ಕಷ್ಟವಲ್ಲ. ಕಷ್ಟವಿರುವುದು ಇಂಡೋ-ಯೂರೋಪಿಯನ್ ವರ್ಗಕ್ಕೆ ಸೇರದ ಆ ಭಾಷೆಯ ಅರ್ಥದಲ್ಲಿ. ಸಾವಿರಾರು ಶಾಸನಗಳಿದ್ದರೂ ಅವುಗಳಲ್ಲಿ ಹೆಚ್ಚಿನವು ಚಿಕ್ಕವು; ಹೆಸರು, ಬಂಧುತ್ವ, ಅಧಿಕಾರ, ಸಮರ್ಪಣೆ ಇವಿಷ್ಟನ್ನೇ ತಿಳಿಸುವಂಥವು.

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ನೀಗಿಸಿದ್ದು, 1964ರಲ್ಲಿ ಮಾಸ್ಸಿಮೊ ಪಲ್ಲೊಟ್ಟಿನೊ ಅವರ ನೇತೃತ್ವದ ಉತ್ಖನನದಲ್ಲಿ ಪಿರ್ಗಿ ಬಂದರಿನಲ್ಲಿ ದೊರೆತ ಮೂರು ಚಿನ್ನದ ತಗಡುಗಳು. ಇವುಗಳ ಕಾಲ ಸುಮಾರು ಕ್ರಿ. ಪೂ. 500. ಎರಡರಲ್ಲಿ ಎಟ್ರಸ್ಕನ್ ಭಾಷೆಯ, ಒಂದರಲ್ಲಿ ಫಿನೀಷಿಯನ್ ಭಾಷೆಯ ಬರಹವಿದೆ. ಕೇರೆ ನಗರದ ಅಧಿಪತಿ ಥೆಫಾರಿಯೆ ವೆಲಿಯಾನಾಸನು ದೇವಿಗೆ ಮಾಡಿದ ಸಮರ್ಪಣೆಯ ವಿಷಯ ಇವುಗಳಲ್ಲಿದೆ. ಎಟ್ರಸ್ಕನ್ ಪಾಠದಲ್ಲಿ ಉನಿ ಎನಿಸಿದ ದೇವಿ ಫಿನೀಷಿಯನ್ ಪಾಠದಲ್ಲಿ ಅಸ್ತಾರ್ತೆ ಎನಿಸಿದ್ದಾಳೆ. ಪಾಠಗಳು ಪದಶಃ ಅನುವಾದಗಳಲ್ಲವಾದರೂ, 'ಕಿ' ಎಂದರೆ ಮೂರು ಎಂಬುದು ಇವುಗಳಿಂದ ದೃಢಪಟ್ಟಿತು. ಎಟ್ರಸ್ಕನ್ನರಿಗೂ ಕಾರ್ಥೇಜಿನವರಿಗೂ ಒಪ್ಪಂದಗಳಿದ್ದುವೆಂಬ ಅರಿಸ್ಟಾಟಲನ ಮಾತಿಗೂ ಇವು ಪುಷ್ಟಿಯನ್ನು ಒದಗಿಸಿದುವು.

ಈ ತಗಡುಗಳು ಪ್ರಮಾಣವಾದುದು ಚಿನ್ನದವೆಂಬ ಕಾರಣದಿಂದಲ್ಲ. ದೊರೆತ ಸ್ಥಳ ತಿಳಿದಿರುವುದರಿಂದ. ಇದಕ್ಕೆ ವಿರುದ್ಧವಾದ ನಿದರ್ಶನ ಯೂಫ್ರೋನಿಯಸನು ಚಿತ್ರಿಸಿದ ಮದ್ಯಪಾತ್ರೆ. ಚೆರ್ವೆತೆರಿಯ ಸಮೀಪದ ಸಮಾಧಿಯಿಂದ ಕಳ್ಳರು ತೆಗೆದ ಅದನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯವು 1972ರಲ್ಲಿ ಹತ್ತು ಲಕ್ಷ ಡಾಲರುಗಳಿಗೆ ಕೊಂಡಿತು. 2008ರಲ್ಲಿ ಅದು ಇಟಲಿಗೆ ಮರಳಿತು. ವಿಲ್ಲಾ ಜೂಲಿಯಾದಲ್ಲಿ ಕೆಲಕಾಲವಿದ್ದು, ಅನಂತರ ಚೆರ್ವೆತೆರಿಗೆ ಸೇರಿತು. ಪಾತ್ರೆ ಮರಳಿತಾದರೂ, ಅದು ಯಾರ ಸಮಾಧಿಯಲ್ಲಿ, ಯಾವ ವಸ್ತುಗಳ ಜೊತೆಯಲ್ಲಿ ಇದ್ದಿತೆಂಬ ಸಾಕ್ಷ್ಯವು ಮರಳಲಾರದು.

ಎಟ್ರಸ್ಕನ್ನರ ಮೂಲವನ್ನು ಕುರಿತ ವಾದವೂ ಇದೇ ಪಾಠವನ್ನು ಕಲಿಸುತ್ತದೆ. ಅವರು ಲಿಡಿಯಾದಿಂದ ವಲಸೆ ಬಂದವರೆಂದು ಹೆರೊಡೊಟಸನೂ, ಇಟಲಿಯ ಮೂಲನಿವಾಸಿಗಳೆಂದು ಹಾಲಿಕಾರ್ನಾಸಸಿನ ಡಯೊನೀಸಿಯಸನೂ ಹೇಳಿದ್ದರು. 82 ಮಂದಿ ಪ್ರಾಚೀನರ ಅವಶೇಷಗಳನ್ನಾಧರಿಸಿ 2021ರಲ್ಲಿ ಪ್ರಕಟವಾದ ಆನುವಂಶಿಕ ಪರೀಕ್ಷೆಯು, ಎಟ್ರಸ್ಕನ್ನರು ನೆರೆಯ ಲ್ಯಾಟಿನರನ್ನೇ ಹೋಲುತ್ತಿದ್ದರೆಂದು ತೋರಿಸಿತು. ಒಂದೇ ಬಗೆಯ ಜನ, ಬೇರೆ ಬೇರೆ ವರ್ಗದ ಭಾಷೆಗಳು: ರಕ್ತದಿಂದ ಭಾಷೆಯನ್ನಾಗಲಿ ಭಾಷೆಯಿಂದ ರಕ್ತವನ್ನಾಗಲಿ ನಿರ್ಣಯಿಸುವುದು ಸಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಸಂಜೆ ಹೊರಡುವ ಮುನ್ನ ನಾವು ದಂಪತಿಗಳ ಕೊಠಡಿಗೆ ಮತ್ತೊಮ್ಮೆ ಹೋದೆವು. ಎಟ್ರಸ್ಕನ್ನರನ್ನು 'ನಿಗೂಢ ಜನಾಂಗ'ವೆಂದು ಕರೆಯುವ ರೂಢಿ ನಮ್ಮ ಪಠ್ಯಪುಸ್ತಕಗಳಲ್ಲಿಯೂ ಇದೆ. ಆ ವಿಶೇಷಣವನ್ನು ಕೈಬಿಟ್ಟು, ಏನು ತಿಳಿದಿದೆ, ಅದು ಯಾವ ಸಾಕ್ಷ್ಯದಿಂದ ತಿಳಿದಿದೆ ಎಂಬುದನ್ನು ವಿದ್ಯಾರ್ಥಿಗಳ ಮುಂದಿಡುವುದು ಅಧ್ಯಾಪಕರ ಕರ್ತವ್ಯವೆಂದು ಭಾವಿಸುತ್ತೇನೆ. ನನ್ನ ಹಳೆಯ ಟಿಪ್ಪಣಿಗಳನ್ನು ನಾನು ತಿದ್ದಿಕೊಂಡಿದ್ದೇನೆ.