ಕೂಸು ಹುಟ್ಟುವ ಮುನ್ನವೇ ವೈದ್ಯರು

‘ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು’ ಎಂಬ ಗಾದೆ ಕನ್ನಡಿಗರ ಮನೆಮಾತು. ಆತುರಗಾರರನ್ನು ಗೇಲಿ ಮಾಡಲು ಬಳಕೆಯಾಗುವ ಈ ಮಾತಿನ ಹಿಂದೆ ಹಳೆಯ ಕಾಲದ ನೋವೂ ಅಡಗಿದ್ದೀತು. 20ನೇ ಶತಮಾನದ ಆರಂಭದಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ ಸುಮಾರು 200 ಶಿಶುಗಳು ವರ್ಷ ತುಂಬುವ ಮೊದಲೇ ಕಣ್ಮುಚ್ಚುತ್ತಿದ್ದವು. ಉಳಿಯುವುದೋ ಇಲ್ಲವೋ ತಿಳಿಯದ ಜೀವಕ್ಕೆ ಮುಂಚಿತವಾಗಿ ಬಟ್ಟೆ ಹೊಲಿಸಲು ತಾಯಂದಿರು ಅಂಜಿದ್ದರೆ ಆಶ್ಚರ್ಯವಿಲ್ಲ.

ಇಂದು ಪಟ್ಟಣಗಳ ಕೆಲವು ದಂಪತಿಗಳು ಕುಲಾವಿಯಷ್ಟೇ ಅಲ್ಲ, ಹುಟ್ಟಲಿರುವ ಮಗುವಿಗೆ ವೈದ್ಯರನ್ನೂ ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ಬಸುರಿಗೆ ಏಳೋ ಎಂಟೋ ತಿಂಗಳಾದಾಗ ಮಕ್ಕಳ ವೈದ್ಯರನ್ನು ಕಂಡು ಮಾತನಾಡಿ ಬರುತ್ತಾರೆ. ಮನೆಯ ಹಿರಿಯರಿಗೆ ಇದು ಹೊಸ ಕಾಲದ ಚಾಳಿಯಂತೆ ತೋರಬಹುದು. ಆದರೆ ಇತಿಹಾಸದ ಪುಟಗಳನ್ನು ತಿರುವಿದರೆ ಬೇರೆಯೇ ಸಂಗತಿ ಕಾಣುತ್ತದೆ. ಬರಲಿರುವ ಶಿಶುವಿಗೆ ನೋಡಿಕೊಳ್ಳುವವರನ್ನು ಮೊದಲೇ ಗೊತ್ತುಮಾಡುವುದು ಬಹು ಹಳೆಯ ವಿವೇಕ. ಹೆರಿಗೆ ಮನೆಯಿಂದ ಆಸ್ಪತ್ರೆಗೆ ಸಾಗಿದ ಕಾಲದಲ್ಲಿ ಮಾತ್ರ ಅದು ಕೈತಪ್ಪಿತು. ಅದನ್ನು ಮರಳಿ ಪಡೆಯಲು ವೈದ್ಯಲೋಕಕ್ಕೆ ದಶಕಗಳೇ ಬೇಕಾದವು.

ಚರಕನ ಸಿದ್ಧತೆ

ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯ, ಅಂದರೆ ಮಕ್ಕಳ ಪಾಲನೆ ಮತ್ತು ಚಿಕಿತ್ಸೆ, ಒಂದು. ಕಾಶ್ಯಪ ಸಂಹಿತೆಯ ಮುಖ್ಯ ವಿಷಯವೇ ಇದು. ಚರಕ ಸಂಹಿತೆಯ ಶಾರೀರ ಸ್ಥಾನದಲ್ಲಿ ಹೆರಿಗೆಯ ಸಿದ್ಧತೆಯ ವಿವರವಾದ ವರ್ಣನೆಯಿದೆ. ಒಂಬತ್ತನೆಯ ತಿಂಗಳಿಗೆ ಮೊದಲೇ ಸೂತಿಕಾಗಾರ, ಅಂದರೆ ಬಾಣಂತಿಕೋಣೆ, ಕಟ್ಟಿಸಬೇಕು. ತುಪ್ಪ, ಎಣ್ಣೆ, ಜೇನು, ಉಪ್ಪು, ಸೂಜಿ, ದಾರ ಎಲ್ಲವೂ ಅಲ್ಲಿ ಸಿದ್ಧವಿರಬೇಕು. ಹಲವು ಮಕ್ಕಳನ್ನು ಹೆತ್ತ, ಅಕ್ಕರೆಯುಳ್ಳ, ಕೆಲಸ ಬಲ್ಲ ಹೆಂಗಸರು ಜೊತೆಗಿರಬೇಕು. ಹುಟ್ಟಿದ ಕೂಸು ಚೇತರಿಸಿಕೊಳ್ಳದಿದ್ದರೆ ಕಿವಿಯ ಬಳಿ ಕಲ್ಲಿಗೆ ಕಲ್ಲು ಬಡಿದು ಸದ್ದು ಮಾಡುವುದು, ಮುಖಕ್ಕೆ ನೀರು ಚಿಮುಕಿಸುವುದು, ಮೊರದಿಂದ ಗಾಳಿ ಹಾಕುವುದು ಎಂಬ ಸೂಚನೆಗಳಿವೆ. ಮೊಲೆಯೂಡುವ ದಾದಿಯನ್ನು ಆರಿಸುವಾಗ ಆಕೆಯ ನಡತೆ, ಆರೋಗ್ಯ, ಹಾಲು ಎಲ್ಲವನ್ನೂ ಪರೀಕ್ಷಿಸಬೇಕೆಂದು ಹೇಳಲಾಗಿದೆ.

ಈ ಉಪಾಯಗಳಲ್ಲಿ ಎಷ್ಟು ಇಂದಿಗೂ ನಿಲ್ಲುತ್ತವೆ ಎಂಬುದು ಬೇರೆ ಮಾತು. ಮೊದಲ ಉಸಿರಿನ ಗಳಿಗೆಯಲ್ಲಿ ಕೂಸಿಗಾಗಿಯೇ ಒಬ್ಬರು ಸಿದ್ಧರಿರಬೇಕೆಂಬ ತಿಳಿವಳಿಕೆ ಅಲ್ಲಿದೆ ಎನ್ನುವುದು ಮುಖ್ಯ. ಅತ್ತ ರೋಮನ್ ಸಾಮ್ರಾಜ್ಯದಲ್ಲಿ 2ನೇ ಶತಮಾನದ ಗ್ರೀಕ್ ವೈದ್ಯ ಸೊರಾನಸ್ ಒಳ್ಳೆಯ ಸೂಲಗಿತ್ತಿಯ ಗುಣಗಳನ್ನು ವಿವರಿಸಿ, ಹುಟ್ಟಿದ ಶಿಶುವನ್ನು ಪರೀಕ್ಷಿಸುವ ಬಗೆಯನ್ನೂ ಬರೆದಿಟ್ಟಿದ್ದ.

ಜನಸಾಮಾನ್ಯರ ಪಾಲಿಗೆ ಈ ಹೊಣೆ ಹೊತ್ತವಳು ಸೂಲಗಿತ್ತಿ. ಬಸುರಿಗೆ ದಿನ ತುಂಬುತ್ತ ಬಂದಂತೆ ಆಕೆಗೆ ಮೊದಲೇ ಹೇಳಿಕಳುಹಿಸುವುದು ವಾಡಿಕೆ. ತಾಯಿಯನ್ನೂ ಕೂಸನ್ನೂ ನೋಡಿಕೊಳ್ಳುವವಳು ಒಬ್ಬಳೇ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಹಣ ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು.

ಮಾತಾಡದ ರೋಗಿ

ವೈದ್ಯರು ಶಿಶುಗಳಿಂದ ಬಹುಕಾಲ ದೂರವೇ ಉಳಿದರು. ನೋವೆಲ್ಲಿದೆ ಎಂದು ಬಾಯಿಬಿಟ್ಟು ಹೇಳಲಾರದ ರೋಗಿಗೆ ಔಷಧ ಕೊಡುವುದು ಹೇಗೆ ಎಂಬುದು ಅವರ ತೊಡಕು. ಯುರೋಪಿನಲ್ಲಿ ಈ ಅಂಜಿಕೆಯನ್ನು ಮುರಿದವರಲ್ಲಿ ಜಾರ್ಜ್ ಆರ್ಮ್‌ಸ್ಟ್ರಾಂಗ್ ಒಬ್ಬ. 1769ರಲ್ಲಿ ಆತ ಲಂಡನ್ನಿನಲ್ಲಿ ಬಡಮಕ್ಕಳಿಗಾಗಿ ಔಷಧಾಲಯ ತೆರೆದ. ಕಾಯಿಲೆಯ ಮಗುವನ್ನು ತಾಯಿಯಿಂದ ಅಗಲಿಸಿ ಆಸ್ಪತ್ರೆಯಲ್ಲಿ ಇರಿಸುವುದಕ್ಕೆ ಆತನ ವಿರೋಧವಿತ್ತು. 1781ರಲ್ಲಿ ಔಷಧಾಲಯ ಮುಚ್ಚಿತು. ಪ್ಯಾರಿಸ್ಸಿನಲ್ಲಿ 1802ರಲ್ಲಿ, ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್‌ನಲ್ಲಿ 1852ರಲ್ಲಿ ಮಕ್ಕಳ ಆಸ್ಪತ್ರೆಗಳು ತೆರೆದವು. ಜರ್ಮನಿಯಿಂದ ಅಮೆರಿಕಕ್ಕೆ ವಲಸೆ ಹೋದ ಅಬ್ರಹಾಂ ಜಾಕೋಬಿ 1860ರಲ್ಲಿ ನ್ಯೂಯಾರ್ಕಿನಲ್ಲಿ ಮಕ್ಕಳ ರೋಗಗಳ ಪ್ರಾಧ್ಯಾಪಕನಾದ. ಮಕ್ಕಳ ವೈದ್ಯ ಎಂಬ ಪ್ರತ್ಯೇಕ ವೃತ್ತಿ ಹೀಗೆ ತಲೆಯೆತ್ತಿತು.

ಆದರೂ ಆಗ ತಾನೆ ಹುಟ್ಟಿದ ಕೂಸು ಈ ವೈದ್ಯರ ಕೈಗೆ ಬರುತ್ತಿರಲಿಲ್ಲ. ಅದು ಪ್ರಸೂತಿ ವೈದ್ಯರ ವಲಯ. ಅವರಲ್ಲೇ ಒಬ್ಬನಾದ ಪ್ಯಾರಿಸ್ಸಿನ ಪಿಯರ್ ಬುಡಾನ್ ತನ್ನ ಆಸ್ಪತ್ರೆಯಲ್ಲಿ ಹೆತ್ತ ತಾಯಂದಿರು ಕೂಸುಗಳನ್ನು ಮತ್ತೆ ಮತ್ತೆ ಕರೆತಂದು ತೂಕ ಮಾಡಿಸಬೇಕೆಂಬ ಏರ್ಪಾಡನ್ನು 1892ರಲ್ಲಿ ಆರಂಭಿಸಿದ. ಎಡಿನ್‌ಬರೋದ ವೈದ್ಯ ಬ್ಯಾಲಂಟೈನ್ 1901ರಲ್ಲಿ ಗರ್ಭಿಣಿಯರಿಗೆ ಪ್ರತ್ಯೇಕ ಆರೈಕೆ ಬೇಕೆಂದು ವಾದಿಸಿದ. ಹೆರಿಗೆಯ ನಂತರವೂ ಹೆರಿಗೆಗೆ ಮುನ್ನವೂ ಶಿಶುವಿನ ಕಡೆ ಕಣ್ಣು ಹಾಯಿಸುವ ದಾರಿ ತೆರೆಯಿತು.

ಅಷ್ಟರಲ್ಲಿ ಹೆರಿಗೆಯ ತಾಣವೇ ಬದಲಾಯಿತು. ಅಮೆರಿಕದಲ್ಲಿ 1900ರಲ್ಲಿ ನೂರಕ್ಕೆ ಐದಕ್ಕಿಂತಲೂ ಕಡಿಮೆ ಹೆರಿಗೆಗಳು ಆಸ್ಪತ್ರೆಯಲ್ಲಿ ನಡೆಯುತ್ತಿದ್ದವು. 1940ರ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಆಸ್ಪತ್ರೆಗೆ ಬಂದವು. ತಾಯಿಗೆ ಪ್ರಸೂತಿ ತಜ್ಞ, ಅರಿವಳಿಕೆ ತಜ್ಞ, ದಾದಿಯರು ಎಲ್ಲರೂ ಇದ್ದರು. ಕೂಸು ಯಾರದು ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರವಿರಲಿಲ್ಲ. ಸೂಲಗಿತ್ತಿಯ ಎರಡು ಹೊಣೆಗಳಲ್ಲಿ ಒಂದು ಮಾತ್ರ ಆಸ್ಪತ್ರೆಗೆ ಬಂದಿತ್ತು.

ಒಂದು ನಿಮಿಷದ ಲೆಕ್ಕ

ಈ ಕೊರತೆಯನ್ನು ಕಂಡವರು ನ್ಯೂಯಾರ್ಕಿನ ಅರಿವಳಿಕೆ ತಜ್ಞೆ ವರ್ಜೀನಿಯಾ ಅಪ್ಗಾರ್. 1952ರಲ್ಲಿ ಅವರು ಸರಳವಾದ ಅಂಕಪದ್ಧತಿಯೊಂದನ್ನು ಮುಂದಿಟ್ಟರು. ಹುಟ್ಟಿದ ಒಂದು ನಿಮಿಷಕ್ಕೆ ಕೂಸಿನ ಎದೆಬಡಿತ, ಉಸಿರಾಟ, ಸ್ನಾಯುಗಳ ಬಿಗಿ, ಪ್ರತಿಕ್ರಿಯೆ, ಮೈಬಣ್ಣ ಈ ಐದನ್ನೂ ನೋಡಿ ಒಂದೊಂದಕ್ಕೆ 0, 1 ಅಥವಾ 2 ಅಂಕ ಕೊಡುವುದು. ಒಟ್ಟು ಹತ್ತು. ಅಂಕ ಹಾಕಬೇಕೆಂದರೆ ಯಾರಾದರೂ ಕೂಸನ್ನು ನೋಡಲೇಬೇಕು. ಅಪ್ಗಾರ್ ಪದ್ಧತಿಯ ದೊಡ್ಡ ಗುಣ ಅದೇ.

ಅದೇ ಕಾಲದಲ್ಲಿ ಇನ್ನೊಂದು ತಿಳಿವಳಿಕೆ ಬೆಳೆಯುತ್ತಿತ್ತು. 1940ರಲ್ಲಿ ಪ್ರಕಟವಾದ ಆರ್‌ಎಚ್ ರಕ್ತಗುಂಪಿನ ಶೋಧದಿಂದ ತಾಯಿಯ ಮತ್ತು ಶಿಶುವಿನ ರಕ್ತ ಹೊಂದದಿದ್ದರೆ ಆಗುವ ಅಪಾಯವನ್ನು ಮೊದಲೇ ಊಹಿಸುವುದು ಸಾಧ್ಯವಾಯಿತು. ಅಂಥ ಕೂಸಿಗೆ ಹುಟ್ಟಿದ ಕೂಡಲೇ ರಕ್ತ ಬದಲಿಸಬೇಕಾಗಬಹುದು. ವೈದ್ಯರನ್ನು ಆಮೇಲೆ ಹುಡುಕಿದರೆ ಪ್ರಯೋಜನವಿಲ್ಲ. ಈ ಅಪಾಯವನ್ನೇ ತಡೆಯುವ ಚುಚ್ಚುಮದ್ದು 1968ರಲ್ಲಿ ಬಂತು.

1960ರಲ್ಲಿ ಅಮೆರಿಕದ ಅಲೆಕ್ಸಾಂಡರ್ ಶಾಫರ್ ನವಜಾತ ಶಿಶುಗಳ ವೈದ್ಯಕ್ಕೆ ‘ನಿಯೋನೆಟಾಲಜಿ’ ಎಂಬ ಹೆಸರಿಟ್ಟರು. 1963ರ ಆಗಸ್ಟ್ 7ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚಿತವಾಗಿ ಹುಟ್ಟಿ, ಶ್ವಾಸಕೋಶ ಬಲಿಯದ ಕಾರಣ 39 ಗಂಟೆಗಳಲ್ಲಿ ತೀರಿಕೊಂಡ. ದೇಶದ ಅತ್ಯಂತ ಪ್ರಭಾವಿ ತಂದೆಯೂ ಉಳಿಸಿಕೊಳ್ಳಲಾಗದ ಆ ಕೂಸಿನ ಸಾವು ನವಜಾತ ಶಿಶುಗಳ ಚಿಕಿತ್ಸೆಯತ್ತ ಜಗತ್ತಿನ ಗಮನ ಸೆಳೆಯಿತು. ಕಾಲಕ್ರಮೇಣ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಹೆರಿಗೆಗೆ ಮುನ್ನವೇ ದಂಪತಿಗಳು ಮಗುವಿನ ವೈದ್ಯರನ್ನು ಭೇಟಿ ಮಾಡಬೇಕೆಂಬ ಸಲಹೆಯನ್ನು ತನ್ನ ಮಾರ್ಗದರ್ಶನದಲ್ಲಿ ಸೇರಿಸಿತು. 2018ರ ವರದಿಯಲ್ಲಿ ಅದನ್ನು ಪುನರುಚ್ಚರಿಸಿದೆ.

ಗಡಚಿರೋಲಿಯ ಪಾಠ

ಭಾರತದಲ್ಲಿ ಮಕ್ಕಳ ವೈದ್ಯಶಾಸ್ತ್ರ ತಡವಾಗಿ ಬೇರೂರಿತು. ಮುಂಬಯಿಯ ವಾಡಿಯಾ ಮಕ್ಕಳ ಆಸ್ಪತ್ರೆ 1929ರದು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ 1935ರಲ್ಲಿ ತೆರೆಯಿತು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 1963ರಲ್ಲಿ, ನವಜಾತ ಶಿಶು ತಜ್ಞರ ರಾಷ್ಟ್ರೀಯ ವೇದಿಕೆ 1980ರಲ್ಲಿ ರೂಪುಗೊಂಡವು.

ಆದರೆ ವೈದ್ಯರೇ ಇಲ್ಲದ ಹಳ್ಳಿಯಲ್ಲಿ ಯಾರನ್ನು ಆರಿಸುವುದು? ಇದಕ್ಕೆ ಉತ್ತರ ಕಂಡುಕೊಂಡವರು ಮಹಾರಾಷ್ಟ್ರದ ಗಡಚಿರೋಲಿಯ ವೈದ್ಯ ದಂಪತಿ ಅಭಯ್ ಮತ್ತು ರಾಣಿ ಬಂಗ್. 39 ಹಳ್ಳಿಗಳಲ್ಲಿ ಊರಿನ ಹೆಂಗಸರಿಗೇ ತರಬೇತಿ ಕೊಟ್ಟರು. ಆಕೆ ಬಸುರಿಯ ಮನೆಗೆ ಮೊದಲೇ ಹೋಗಿ ತಿಳಿಹೇಳುವಳು. ಹೆರಿಗೆಯ ಹೊತ್ತಿನಲ್ಲಿ ಸೂಲಗಿತ್ತಿ ತಾಯಿಯನ್ನು ನೋಡಿಕೊಂಡರೆ, ಈಕೆ ಕೂಸನ್ನು ನೋಡಿಕೊಳ್ಳುವಳು. ಉಸಿರು ಕಟ್ಟಿದರೆ ನೆರವು, ಮೈ ಬೆಚ್ಚಗಿಡುವುದು, ನಂಜು ಏರಿದರೆ ಔಷಧ ಇವು ಆಕೆಯ ಕೆಲಸ. ಆ ಹಳ್ಳಿಗಳಲ್ಲಿ ನವಜಾತ ಶಿಶುಗಳ ಮರಣ ಶೇ. 62ರಷ್ಟು ತಗ್ಗಿತೆಂದು 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಹೋಗಿ ಕೂಸನ್ನು ನೋಡಿಬರುವ ಯೋಜನೆ ದೇಶದಲ್ಲಿ 2011ರಲ್ಲಿ ಆರಂಭವಾಗಲು ಈ ಅನುಭವವೇ ಆಧಾರ.

ಈಗ ಹೆರಿಗೆ ಬಹುಮಟ್ಟಿಗೆ ಆಸ್ಪತ್ರೆಗೆ ಬಂದಿದೆ. 1992-93ರಲ್ಲಿ ದೇಶದ ನೂರು ಹೆರಿಗೆಗಳಲ್ಲಿ 26 ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-21ರ ಸಮೀಕ್ಷೆಯಲ್ಲಿ ಅದು 89, ಕರ್ನಾಟಕದಲ್ಲಿ 97. ಆದರೂ 2020ರ ಅಂಕಿಅಂಶದಂತೆ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ವರ್ಷದೊಳಗೆ ಸತ್ತವು 28. ಅವುಗಳಲ್ಲಿ 20 ಕೂಸುಗಳು ಸತ್ತದ್ದು ಮೊದಲ 28 ದಿನಗಳಲ್ಲಿ. ಅಪಾಯವೆಲ್ಲ ಆರಂಭದಲ್ಲೇ ದಟ್ಟೈಸಿರುವಾಗ ವೈದ್ಯರ ಹುಡುಕಾಟವನ್ನು ಆಮೇಲಕ್ಕೆ ಇಟ್ಟುಕೊಳ್ಳುವುದು ಜಾಣತನವಲ್ಲ.

ಮೊದಲೇ ಭೇಟಿಯಾದರೆ ಕೇಳಿಕೊಳ್ಳಬೇಕಾದ ಸಂಗತಿಗಳು ಹಲವು. ಹೆರಿಗೆಯ ಹೊತ್ತಿನಲ್ಲಿ ಕೂಸನ್ನು ನೋಡಲು ಆಸ್ಪತ್ರೆಯಲ್ಲಿ ಯಾರಿರುತ್ತಾರೆ? ತೂಕ ಕಡಿಮೆಯಾದರೆ ಎಲ್ಲಿಗೆ ಒಯ್ಯಬೇಕು? ರಾತ್ರಿ ಜ್ವರ ಬಂದರೆ ಯಾರಿಗೆ ಹೇಳಬೇಕು? ಹುಟ್ಟಿದ ಗಂಟೆಯೊಳಗೆ ಮೊಲೆಹಾಲು, ದಿನದೊಳಗೆ ಹೆಪಟೈಟಿಸ್ ಬಿ ಲಸಿಕೆ ಕೊಡಬೇಕೆಂಬುದನ್ನು ನೋವಿನ ನಡುವೆ ತಿಳಿದುಕೊಳ್ಳಲಾಗದು. ಹಳದಿಯಾದ ಮೊದಲ ಹಾಲನ್ನು ಹಿಂಡಿ ಚೆಲ್ಲಿ ಸಕ್ಕರೆ ನೀರು ನೆಕ್ಕಿಸುವ ಮನೆಗಳಲ್ಲಿ ಈ ಮಾತು ಅಜ್ಜಿಯ ಕಿವಿಗೂ ಮೊದಲೇ ಬೀಳಬೇಕು. ನಮ್ಮಲ್ಲಿ ಇನ್ನೊಂದು ತೊಡಕಿದೆ. ಚೊಚ್ಚಲ ಹೆರಿಗೆ ತವರಿನಲ್ಲಿ, ಬಾಣಂತನ ಮುಗಿಸಿ ಮರಳುವುದು ಗಂಡನ ಊರಿಗೆ. ಆದ್ದರಿಂದ ಎರಡು ಊರಿನಲ್ಲೂ ವೈದ್ಯರನ್ನು ಗೊತ್ತುಮಾಡಿ, ಲಸಿಕೆಯ ಕಾರ್ಡನ್ನು ಕೂಸಿನೊಡನೆ ಕಳುಹಿಸುವುದು ಲೇಸು.

ಸರ್ಕಾರಿ ಆಸ್ಪತ್ರೆಯನ್ನೇ ನಂಬಿದವರಿಗೆ ವೈದ್ಯರನ್ನು ಆರಿಸುವ ಅವಕಾಶ ಕಡಿಮೆ. ಆದರೂ ಕೂಸನ್ನು ಯಾರು ನೋಡುತ್ತಾರೆ ಎಂದು ಕೇಳುವ ಹಕ್ಕು ಅವರಿಗೂ ಇದೆ. ಕುಲಾವಿಯನ್ನು ನಾಲ್ಕು ದಿನ ತಡವಾಗಿ ಹೊಲಿಸಿದರೂ ನಡೆದೀತು. ಆ ಪ್ರಶ್ನೆಯನ್ನು ಮಾತ್ರ ಹೆರಿಗೆಗೆ ಮೊದಲೇ ಕೇಳಿಟ್ಟುಕೊಳ್ಳಬೇಕು.